ಡೂಮ್, ಸ್ಲಡ್ಜ್, ಡೆತ್ ಮೆಟಲ್: ಯಾವ ಆಲ್ಬಂಗಳಿಂದ ಶುರು ಮಾಡಲಿ?

ಮೆಟಾಲಿಕಾ, ಸ್ಲೇಯರ್, ಒಂದಿಷ್ಟು ಬ್ಲ್ಯಾಕ್ ಸ್ಯಾಬತ್ ಕೇಳಿದ್ದೀರಿ. ಅದರಾಚೆ ಡೂಮ್ (ನಿಧಾನ, ಭಾರದ ಮೆಟಲ್), ಸ್ಲಡ್ಜ್ (ಆ ನಿಧಾನಕ್ಕೆ ಪಂಕ್‌ನ ಒರಟುತನ ಬೆರೆತದ್ದು), ಡೆತ್ ಮೆಟಲ್ (ಗುರುಗುಟ್ಟುವ ದನಿಯ ಮೆಟಲ್) ಅಂತ ಹೋದರೆ ಬರೀ ಗದ್ದಲ ಕೇಳಿಸುತ್ತೆ, ಅಂಡರ್‌ಗ್ರೌಂಡ್‌ನಲ್ಲಿ ನಿಜವಾಗಿ ಕೇಳಲೇಬೇಕಾದ ಆಲ್ಬಂಗಳು ಯಾವುವು ಅಂತ ಕೇಳಿದ್ದೀರಿ. ಆಲ್ಬಂಗಳ ಹೆಸರಿಗೆ ಮೊದಲು ಆ ಗದ್ದಲದ ವಿಷಯ ಮುಗಿಸೋಣ. ಅರ್ಧ ಸಮಸ್ಯೆ ಅಲ್ಲೇ ಇದೆ.

ಗಿಟಾರಿನ ದಪ್ಪ ತಂತಿ ಮಾಮೂಲಿ ಟ್ಯೂನಿಂಗ್‌ನಲ್ಲಿ ಸುಮಾರು 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಈ ಬ್ಯಾಂಡ್‌ಗಳಲ್ಲಿ ಅನೇಕರು ಅದನ್ನು ಸಡಿಲಿಸಿ ಬಿ ಸ್ವರದ ತನಕ ಇಳಿಸುತ್ತಾರೆ, ಅಂದರೆ ಸುಮಾರು 62 ಹರ್ಟ್ಸ್. ಬಾಸ್ ಗಿಟಾರ್ ಅದರ ಅರ್ಧಕ್ಕೆ, 31ರ ಹತ್ತಿರ ಇರುತ್ತದೆ. ಫೋನಿನ ಪುಟ್ಟ ಸ್ಪೀಕರಿನಿಂದ ಇಷ್ಟು ಕೆಳಗಿನ ಸದ್ದು ಹೊರಡುವುದೇ ಇಲ್ಲ. ರಿಫ್‌ನ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನ) ಬುಡ ಕತ್ತರಿಸಿಹೋಗಿ ಡಿಸ್ಟಾರ್ಷನ್ನಿನ (ಬೇಕೆಂದೇ ಒಡೆಸಿದ ಸದ್ದಿನ) ಕರಕರ, ಸಿಂಬಲ್‌ನ ಸಿಡಿತ, ಕಿರುಚಾಟ ಇಷ್ಟೇ ಉಳಿಯುತ್ತದೆ. ಅದು ಗದ್ದಲವೇ ಸರಿ. ಕಿವಿ ಪೂರ್ತಿ ಮುಚ್ಚುವ, ತಂತಿ ಇರುವ ಸಾಧಾರಣ ಹೆಡ್‌ಫೋನ್ ಸಾಕು. ಬಾಸ್ ಬೂಸ್ಟ್ ಮಾತ್ರ ಹಾಕಬೇಡಿ. ಕಿಕ್ ಡ್ರಮ್, ಬಾಸ್, ಗಿಟಾರ್ ಮೂರೂ ಆಗಲೇ ಕೆಳಗೆ ಒತ್ತಿಕೊಂಡು ಕೂತಿರುತ್ತವೆ. ಅದನ್ನೇ ಇನ್ನಷ್ಟು ಉಬ್ಬಿಸಿದರೆ ಒಂದು ಸ್ವರ ಮುಗಿದು ಇನ್ನೊಂದು ಹುಟ್ಟುವ ಅಂಚೇ ಕಾಣದು. ತೀರಾ ಮೆತ್ತಗೆ ಇಟ್ಟರೂ ಉಪಯೋಗವಿಲ್ಲ, ಏಕೆಂದರೆ ವಾಲ್ಯೂಮ್ ಇಳಿದಂತೆ ನಮ್ಮ ಕಿವಿ ಮೊದಲು ಬಿಟ್ಟುಕೊಡುವುದು ಕೆಳಗಿನ ಸ್ವರಗಳನ್ನೇ. ಹಾಗಂತ ಪೂರ್ತಿ ಏರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಒಂದೊಂದು ಹಾಡೇ ಒಂದು ಗಂಟೆ ಓಡುವ ಸಂಗೀತದಲ್ಲಿ ಈ ಲೆಕ್ಕ ಬೇಗ ತುಂಬುತ್ತದೆ.

ಆ್ಯಪ್‌ನಲ್ಲಿ ಶಫಲ್, ಹಾಡುಗಳನ್ನು ಒಂದರೊಳಗೊಂದು ಬೆರೆಸುವ ಕ್ರಾಸ್‌ಫೇಡ್ ಎರಡನ್ನೂ ಆಫ್ ಮಾಡಿ. ಈ ಆಲ್ಬಂಗಳಲ್ಲಿ ಹಾಡಿನ ಮೊದಲು ಬರುವ ಫೀಡ್‌ಬ್ಯಾಕ್, ಕೊನೆಗೆ ಉಳಿಯುವ ಗುಂಯ್‌ಗುಡುವಿಕೆ ಹಾಡಿನ ಭಾಗವೇ. ಕ್ರಾಸ್‌ಫೇಡ್ ಅದನ್ನೇ ತಿಂದುಹಾಕುತ್ತದೆ.

ಇನ್ನು ಆಲ್ಬಂಗಳು. ಸ್ಯಾಬತ್ ಕೇಳಿದ್ದೀರಿ ಅಂದಿರಿ. 1971ರ ಮಾಸ್ಟರ್ ಆಫ್ ರಿಯಾಲಿಟಿಯನ್ನು ಇನ್ನೊಮ್ಮೆ ಹಾಕಿ, ಗಿಟಾರನ್ನಷ್ಟೇ ಹಿಂಬಾಲಿಸಿ. ಬರ್ಮಿಂಗ್‌ಹ್ಯಾಮಿನ ಲೋಹದ ತಗಡಿನ ಕಾರ್ಖಾನೆಯಲ್ಲಿ ಸ್ಯಾಬತ್‌ನ ಗಿಟಾರ್ ವಾದಕ ಟೋನಿ ಅಯೋಮಿಯ ಬಲಗೈಯ ಎರಡು ಬೆರಳಿನ ತುದಿ ಕತ್ತರಿಸಿಹೋಗಿತ್ತು. ಎಡಗೈ ವಾದಕನಾದ್ದರಿಂದ ತಂತಿ ಒತ್ತಬೇಕಾದ ಬೆರಳುಗಳೇ ಅವು. ಒತ್ತಲು ಹಗುರವಾಗಲೆಂದು ತಂತಿಗಳನ್ನು ಒಂದೂವರೆ ಸ್ವರ ಇಳಿಸಿದ. ಆ ಸಡಿಲ ತಂತಿಯ ತೂಕದಿಂದಲೇ ಇಡೀ ಡೂಮ್ ಬೆಳೆದದ್ದು. ಇದಾದ ಮೇಲೆ ಅಮೆರಿಕದ ಸೇಂಟ್ ವೈಟಸ್‌ರ ಬಾರ್ನ್ ಟೂ ಲೇಟ್, ಸ್ವೀಡನ್ನಿನ ಕ್ಯಾಂಡಲ್‌ಮಾಸ್‌ರ ಎಪಿಕಸ್ ಡೂಮಿಕಸ್ ಮೆಟಾಲಿಕಸ್. ಎರಡೂ 1986ರವು, ಎರಡರಲ್ಲೂ ಹಾಡುವ ದನಿ ಇದೆ, ಅರಚುವುದಿಲ್ಲ. ಸೇಂಟ್ ವೈಟಸ್ ಒರಟು, ಹೆಚ್ಚುಕಡಿಮೆ ಪಂಕ್. ಕ್ಯಾಂಡಲ್‌ಮಾಸ್ ಒಪೆರಾದ ಗತ್ತಿನದು. ಯಾವುದು ಹಿಡಿಸಿತು ಅನ್ನುವುದರ ಮೇಲೆ ನಿಮ್ಮ ದಾರಿ ಗೊತ್ತಾಗುತ್ತದೆ: ಮೊದಲನೆಯದಾದರೆ ಸ್ಲಡ್ಜ್ ಕಡೆ ಬೇಗ ಹೋಗಿ, ಎರಡನೆಯದಾದರೆ ಡೂಮ್‌ನಲ್ಲೇ ಇನ್ನಷ್ಟು ದಿನ ಇರಿ.

ಡೂಮ್‌ನಲ್ಲಿ ಒಂದೇ ಒಂದು ಹೊಸ ಆಲ್ಬಂ ಕೇಳುವ ವ್ಯವಧಾನ ಇದ್ದರೆ ಅದು ಇಂಗ್ಲೆಂಡಿನ ವಾರ್ನಿಂಗ್ ಬ್ಯಾಂಡಿನ ವಾಚಿಂಗ್ ಫ್ರಮ್ ಎ ಡಿಸ್ಟೆನ್ಸ್ (2006) ಆಗಲಿ. ಐದೇ ಹಾಡು. ಸೈತಾನ, ಮಾಟಗಾತಿ, ಸಮಾಧಿ ಯಾವುದೂ ಇಲ್ಲ. ಮನುಷ್ಯರ ನಡುವೆ ಮುರಿದುಹೋದದ್ದರ ಬಗ್ಗೆ ಪ್ಯಾಟ್ರಿಕ್ ವಾಕರ್ ನೇರವಾಗಿ, ಗಂಟಲು ಬಿಗಿದುಕೊಂಡು ಹಾಡುತ್ತಾರೆ. ರಿಫ್‌ಗಳು ತೀರಾ ಸರಳ. ನಾಲ್ಕೈದು ಕಾರ್ಡ್, ಪ್ರತಿಯೊಂದೂ ಪೂರ್ತಿ ಆರುವ ತನಕ ಬಿಡುವುದಿಲ್ಲ. ಇದನ್ನು ಸಾಹಿತ್ಯ ಓದಿಕೊಂಡೇ ಕೇಳಬೇಕು. ಮೆಟಲ್ ಅಂದರೆ ಮೂಗು ಮುರಿಯುವವರಿಗೂ ನಾನು ಧೈರ್ಯವಾಗಿ ಹೇಳುವ ಆಲ್ಬಂ ಇದು.

ನಿಧಾನವನ್ನು ಕೇಳುವುದು ಹೇಗೆ ಅನ್ನುವುದಕ್ಕೆ ಒಂದು ಉಪಾಯ. ಗಿಟಾರ್ ಬಿಟ್ಟು ಸ್ನೇರ್ ಡ್ರಮ್ಮಿನ (ಚಟ್ ಅನ್ನುವ ಡ್ರಮ್ಮಿನ) ಏಟನ್ನು ಹಿಡಿದುಕೊಳ್ಳಿ. ನಿಮಿಷಕ್ಕೆ 40 ಬೀಟ್ ಇದ್ದರೆ ಎರಡು ಬೀಟ್‌ಗಳ ನಡುವೆ ಒಂದೂವರೆ ಸೆಕೆಂಡ್. ಸ್ನೇರ್ ಎರಡು ಬೀಟಿಗೊಮ್ಮೆ ಬಿದ್ದರೆ ಮೂರು ಸೆಕೆಂಡ್. ಆ ಮೂರು ಸೆಕೆಂಡಿನಲ್ಲಿ ಗಿಟಾರ್ ಹೇಗೆ ಕರಗುತ್ತದೆ, ಬಾಸ್ ಎಲ್ಲಿ ಜಾರುತ್ತದೆ ಅನ್ನುವುದೇ ಸಂಗೀತ. ಹುಬ್ಬಳ್ಳಿ–ಧಾರವಾಡದ ಕಡೆ ವಿಲಂಬಿತ್ (ನಿಧಾನಗತಿಯ) ಖಯಾಲ್ ಕೇಳಿ ಬೆಳೆದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಸಮ್‌ಗಾಗಿ (ತಾಳದ ಮೊದಲ ಏಟಿಗಾಗಿ) ಕಾಯುವ ಕಿವಿಯೇ ಇಲ್ಲೂ ಬೇಕಾದದ್ದು.

ಸ್ಲಡ್ಜ್‌ಗೆ ತಾಯಿ ಬೇರೆ. ಹಾರ್ಡ್‌ಕೋರ್ ಪಂಕ್ ಬ್ಯಾಂಡ್ ಬ್ಲ್ಯಾಕ್ ಫ್ಲ್ಯಾಗ್ 1984ರ ಮೈ ವಾರ್ ಆಲ್ಬಮ್ಮಿನ ಎರಡನೆಯ ಬದಿಯಲ್ಲಿ ಇದ್ದಕ್ಕಿದ್ದಂತೆ ಮೂರು ಉದ್ದನೆಯ, ಎಳೆದಾಡುವ ಹಾಡು ಹಾಕಿತು. ವೇಗಕ್ಕಾಗಿ ಬಂದ ಅಭಿಮಾನಿಗಳಿಗೆ ಸಿಟ್ಟು ಬಂತು, ವಾಷಿಂಗ್ಟನ್ ರಾಜ್ಯದ ಮೆಲ್ವಿನ್ಸ್‌ಗೆ ದಾರಿ ಸಿಕ್ಕಿತು. ಮೆಲ್ವಿನ್ಸ್‌ರ ಬುಲ್‌ಹೆಡ್ (1991) ಕೇಳಿ. ಅದರ ಮೊದಲ ಹಾಡು ಬೋರಿಸ್, ಜಪಾನಿನ ಒಂದು ಬ್ಯಾಂಡ್ ತನ್ನ ಹೆಸರನ್ನೇ ಅದರಿಂದ ತೆಗೆದುಕೊಂಡಿತು.

ಆದರೆ ಸ್ಲಡ್ಜ್‌ನ ನಡುಮನೆ ನ್ಯೂ ಆರ್ಲಿಯನ್ಸ್. ಐಹೇಟ್‌ಗಾಡ್‌ರ ಟೇಕ್ ಆ್ಯಸ್ ನೀಡೆಡ್ ಫಾರ್ ಪೇನ್ (1993) ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮೊದಲ ಸಲ ಕೇಳಿದವರು ಮೈಕ್ ವಿಲಿಯಮ್ಸ್‌ನ ಅರಚಾಟಕ್ಕೇ ನಿಂತುಬಿಡುತ್ತಾರೆ. ದನಿಯನ್ನು ಪಕ್ಕಕ್ಕಿಟ್ಟು ಜೋಯಿ ಲಕೇಜ್‌ನ ಡ್ರಮ್ಸ್ ಕೇಳಿ. ಏಟು ಲೆಕ್ಕಕ್ಕೆ ಸರಿಯಾಗಿ ಬೀಳದೆ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ, ರಿಫ್ ಅದರ ಮೇಲೆ ವಾಲಾಡುತ್ತದೆ. ಆ ಊರಿನ ಬ್ಲೂಸ್‌ನ ತೂಗಾಟ ಅದು. ಇದನ್ನು ಅನುಕರಿಸಲು ಹೋದ ನೂರಾರು ಬ್ಯಾಂಡ್‌ಗಳು ಸೋಲುವುದು ಇಲ್ಲೇ. ಟ್ಯೂನಿಂಗ್ ಇಳಿಸುತ್ತಾರೆ, ಫೀಡ್‌ಬ್ಯಾಕ್ ತುಂಬುತ್ತಾರೆ, ಆದರೆ ಕ್ಲಿಕ್ ಟ್ರ್ಯಾಕ್‌ಗೆ (ಕಿವಿಯಲ್ಲಿ ಟಕಟಕ ಅನ್ನುವ ಯಂತ್ರದ ತಾಳಕ್ಕೆ) ಕಟ್ಟಿಹಾಕಿ ನುಡಿಸುತ್ತಾರೆ, ತೂಗಾಟ ಸತ್ತುಹೋಗುತ್ತದೆ. ಮೊದಲ ಹಾಡು ಬ್ಲ್ಯಾಂಕ್ ಒಂದನ್ನೇ ಮೂರು ಸಲ ಕೇಳಿ ಮುಂದೆ ಹೋಗಿ. ನಡುವೆ ಬರುವ ಡಿಸ್ಟರ್ಬೆನ್ಸ್ ಬರೀ ನಾಯ್ಸ್, ಮೊದಲ ಸುತ್ತಿನಲ್ಲಿ ದಾಟಿಸಿದರೆ ನಷ್ಟವಿಲ್ಲ.

ಅದೇ ಊರಿನ ಕ್ರೋಬಾರ್ (ಬ್ಯಾಂಡಿನ ಹೆಸರಿನದೇ 1993ರ ಆಲ್ಬಂ) ಹೆಚ್ಚು ಅಚ್ಚುಕಟ್ಟು, ಹೆಚ್ಚು ಮೆಟಲ್. ಬಾಸ್ಟನ್ನಿನ ಗ್ರೀಫ್‌ರ ಕಮ್ ಟು ಗ್ರೀಫ್ (1994) ಇಡೀ ಪಟ್ಟಿಯಲ್ಲೇ ಅತಿ ಕಹಿ. ಇಷ್ಟವಾಗದಿದ್ದರೆ ಬಲವಂತ ಬೇಡ. ಲೂಸಿಯಾನದ್ದೇ ಥೌ ಬ್ಯಾಂಡಿನ ಹೀದನ್ (2014) ಈಚಿನವುಗಳಲ್ಲಿ ನನ್ನ ಆಯ್ಕೆ. ಜಪಾನಿನ ಒಸಾಕಾದ ಕರಪ್ಟೆಡ್ ಸಾಹಿತ್ಯವನ್ನು ಹೆಚ್ಚಾಗಿ ಸ್ಪ್ಯಾನಿಷ್‌ನಲ್ಲಿ ಬರೆಯುತ್ತದೆ. ಅವರ ಪಾಸೊ ಇನ್ಫೀರಿಯರ್ (1997) ಸುಮಾರು ಅರ್ಧ ಗಂಟೆಯ ಒಂದೇ ಹಾಡು, ಎಲ್ ಮುಂಡೊ ಫ್ರಿಯೊ (2005) ಒಂದು ಗಂಟೆಗೂ ಮೀರಿದ ಒಂದೇ ಹಾಡು. ಮೊದಲನೆಯದರಿಂದ ಶುರು ಮಾಡಿ.

ಡೆತ್ ಮೆಟಲ್‌ಗೆ ಬಂದರೆ, ಸ್ಲೇಯರ್ ಕೇಳಿದವರಿಗೆ ಎಲ್ಲರೂ ವೇಗದ ಆಲ್ಬಂಗಳನ್ನೇ ಕೊಡುತ್ತಾರೆ. ನಾನು ಕೊಡುವುದು ಆಟಾಪ್ಸಿಯ ಮೆಂಟಲ್ ಫ್ಯೂನರಲ್ (1991). ಡೂಮ್ ಮತ್ತು ಡೆತ್ ಎಲ್ಲಿ ಒಂದಾಗುತ್ತವೆ ಅನ್ನುವುದು ಇದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕೇಳಿಸದು. ಕ್ರಿಸ್ ರೈಫರ್ಟ್ ಡ್ರಮ್ಸ್ ನುಡಿಸುತ್ತಲೇ ಹಾಡುವವನು. ಡೆತ್ ಬ್ಯಾಂಡಿನ ಮೊದಲ ಆಲ್ಬಂ ಸ್ಕ್ರೀಮ್ ಬ್ಲಡಿ ಗೋರ್‌ನಲ್ಲಿ (1987) ಡ್ರಮ್ಸ್ ಅವನದೇ. ಇಲ್ಲಿ ಹಾಡುಗಳು ಹೆಚ್ಚಿನವು ಚಿಕ್ಕವು, ಆದರೆ ಒಂದೊಂದರಲ್ಲೂ ವೇಗ ಹಲವು ಸಲ ಕುಸಿಯುತ್ತದೆ, ಮತ್ತೆ ಎದ್ದು ಓಡುತ್ತದೆ. ಇನ್ ದ ಗ್ರಿಪ್ ಆಫ್ ವಿಂಟರ್ ಹಾಡಿನಲ್ಲಿ ಪ್ರತಿ ತಿರುವಿಗೆ ಡ್ರಮ್ಸ್ ಏನು ಮಾಡುತ್ತದೆ ಗಮನಿಸಿ. ಗಿಟಾರಿಗಿಂತ ಮೊದಲು ಡ್ರಮ್ಮರನೇ ನೆಲ ಜಾರಿಸುತ್ತಾನೆ. ರೆಕಾರ್ಡಿಂಗ್ ಒದ್ದೆ ಮಣ್ಣಿನಂತೆ ಮಬ್ಬಾಗಿದೆ ಅಂತ ದೂರುವವರಿದ್ದಾರೆ. ಆ ಮಬ್ಬು ತೆಗೆದರೆ ಈ ಆಲ್ಬಮ್ಮೇ ಇಲ್ಲ.

ಇದರ ಜೊತೆಗಿಟ್ಟು ಕೇಳಬೇಕಾದದ್ದು ನ್ಯೂಯಾರ್ಕಿನ ವಿಂಟರ್‌ರ ಇಂಟು ಡಾರ್ಕ್‌ನೆಸ್ (1990). ಡೆತ್ ಮೆಟಲ್ಲಿನ ಸದ್ದನ್ನು ಪೂರ್ತಿ ನಿಲ್ಲಿಸುವಷ್ಟು ನಿಧಾನಗೊಳಿಸಿದವರು ಅವರು. ಪೂರ್ತಿ ಆಲ್ಬಂ ಅಂತ ಅವರು ಬಿಟ್ಟುಹೋದದ್ದು ಇದೊಂದನ್ನೇ.

ಸ್ವೀಡನ್ನಿನ ಎಂಟೂಂಬ್ಡ್‌ರ ಲೆಫ್ಟ್ ಹ್ಯಾಂಡ್ ಪಾತ್ (1990) ಬೇರೆ ಕಾರಣಕ್ಕೆ ಬೇಕು: ಗಿಟಾರ್ ಟೋನ್. ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೊ, ಬಾಸ್ (Boss) ಅನ್ನುವ ಕಂಪನಿಯ ಎಚ್‌ಎಂ-2 ಡಿಸ್ಟಾರ್ಷನ್ ಪೆಡಲ್, ಅದರ ನಾಲ್ಕೂ ಗುಂಡಿ ಕೊನೆಯ ತನಕ ತಿರುಗಿಸಿದ್ದು. ಪೆಡಲ್ 1 ಕಿಲೋಹರ್ಟ್ಸ್ ಆಸುಪಾಸನ್ನು ಒರಟಾಗಿ ಎತ್ತುತ್ತದೆ, ಜೊತೆಗೆ ತಳವನ್ನೂ. ಅದಕ್ಕೇ ಮರ ಕೊಯ್ಯುವ ಯಂತ್ರದ ಸದ್ದು. ನೀವು ಗಿಟಾರ್ ನುಡಿಸುವವರಾದರೆ ಹಳೆಯ ಪೆಡಲ್‌ಗೆ ದುಬಾರಿ ಬೆಲೆ ಕೊಡಬೇಡಿ. ಕಂಪನಿ 2021ರಲ್ಲಿ ಎಚ್‌ಎಂ-2ಡಬ್ಲ್ಯೂ ಅಂತ ಮತ್ತೆ ತಂದಿದೆ, ಬೆರಿಂಜರ್‌ನ ಎಚ್‌ಎಂ300 ಅಗ್ಗದ ನಕಲು. ಒಂದು ಎಚ್ಚರಿಕೆ: ಎಲ್ಲ ಗುಂಡಿ ತಿರುಗಿಸಿದ ಪೆಡಲನ್ನು ಆಗಲೇ ಗೇನ್ (ಸದ್ದು ಒಡೆಯುವ ಮಟ್ಟ) ಏರಿಸಿದ ಆ್ಯಂಪ್‌ಗೆ ಚುಚ್ಚಿದರೆ ಬರೀ ಸೀಟಿ ಹೊಡೆಯುತ್ತದೆ. ಆ್ಯಂಪ್ ಕ್ಲೀನ್ ಚಾನೆಲ್‌ನಲ್ಲಿರಲಿ, ಅಥವಾ ಸ್ವಲ್ಪವೇ ಒಡೆಯುವಷ್ಟು ಗೇನ್ ಇರಲಿ.

ಇನ್‌ಕ್ಯಾಂಟೇಶನ್‌ರ ಆನ್‌ವರ್ಡ್ ಟು ಗೊಲ್ಗೊಥಾ (1992) ಇಂದಿನ ಮಬ್ಬುಗತ್ತಲೆಯ ಡೆತ್ ಮೆಟಲ್ ಬ್ಯಾಂಡ್‌ಗಳಲ್ಲಿ ಬಹುಪಾಲಿಗೆ ಮೂಲ. ಮೆಲ್ಬರ್ನ್‌ನ ಡಿಸೆಂಬೌವೆಲ್‌ಮೆಂಟ್‌ರ ಟ್ರಾನ್ಸೆಂಡೆನ್ಸ್ ಇಂಟು ದ ಪೆರಿಫೆರಲ್ (1993) ಬ್ಲಾಸ್ಟ್ ಬೀಟ್ ಅನ್ನುವ ಅತಿ ವೇಗದ ಡ್ರಮ್ ಹೊಡೆತದಿಂದ ಶವಯಾತ್ರೆಯ ನಡೆಗೆ ಎಚ್ಚರಿಕೆಯಿಲ್ಲದೆ ಬೀಳುತ್ತದೆ. ಫಿನ್‌ಲ್ಯಾಂಡಿನ ಡೆಮಿಲಿಕ್‌ರ ನೆಸ್ಪಿಥೆ (1993) ಮಾತ್ರ ಯಾವ ಗುಂಪಿಗೂ ಸೇರದು. ಆಂಟಿ ಬೊಮನ್‌ನ ಗಂಟಲು ತೇಗಿನಂತೆ ಕೆಳಗೆ ಹೋಗುತ್ತದೆ, ಯಾವ ಯಂತ್ರದ ಸಹಾಯವೂ ಇಲ್ಲದೆ. ಅದಕ್ಕೇ ಜನ ನಕ್ಕು ಬಿಟ್ಟುಬಿಡುತ್ತಾರೆ. ದನಿಗೆ ಒಗ್ಗಿದ ಮೇಲೆ ರಿಫ್ ಕೇಳಿ. ಎಲ್ಲೂ ನೇರವಾಗಿ ಮುಗಿಯದ, ಸುತ್ತಿಕೊಂಡು ಸುತ್ತಿಕೊಂಡು ಹೋಗುವ ರಿಫ್‌ಗಳು, ಆದರೂ ತಲೆಯಲ್ಲಿ ಕೂತುಬಿಡುತ್ತವೆ. ಇದನ್ನು ಇವತ್ತಿಗೂ ಯಾರೂ ಸರಿಯಾಗಿ ಅನುಕರಿಸಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕೊನೆಗೆ ಅತಿ ನಿಧಾನದವು. ಫ್ಯೂನರಲ್ ಡೂಮ್ ಫಿನ್‌ಲ್ಯಾಂಡಿನಲ್ಲಿ ಗಟ್ಟಿಯಾದದ್ದು. ಥೆರ್ಗೊಥಾನ್‌ರ ಸ್ಟ್ರೀಮ್ ಫ್ರಮ್ ದ ಹೆವನ್ಸ್ (1994), ಆಮೇಲೆ ಸ್ಕೆಪ್ಟಿಸಿಸಂ‌ರ ಸ್ಟಾರ್ಮ್‌ಕ್ರೋಫ್ಲೀಟ್ (1995). ಎರಡನೆಯದರಲ್ಲಿ ಬಾಸ್ ಗಿಟಾರೇ ಇಲ್ಲ, ಆರ್ಗನ್ ಇದೆ. ಇವೆರಡೂ ಹಿಡಿಸಿದರೆ ಸಿಯಾಟಲ್‌ನ ಬೆಲ್ ವಿಚ್‌ರ ಮಿರರ್ ರೀಪರ್ (2017) ಹಾಕಿ. 83 ನಿಮಿಷದ ಒಂದೇ ಹಾಡು, ಇಬ್ಬರೇ ಕಲಾವಿದರು, ಗಿಟಾರಿಲ್ಲ: ಆರು ತಂತಿಯ ಬಾಸ್, ಡ್ರಮ್ಸ್, ಆರ್ಗನ್. ಹಿಂದಿನ ಡ್ರಮ್ಮರ್ ಏಡ್ರಿಯನ್ ಗೆರ್ರಾ 2016ರಲ್ಲಿ ತೀರಿಕೊಂಡರು. ಹಳೆಯ ರೆಕಾರ್ಡಿಂಗ್‌ನಲ್ಲಿ ಬಳಸದೆ ಉಳಿದಿದ್ದ ಅವರ ದನಿಯನ್ನೇ ಹಾಡಿನ ನಡುಭಾಗದಲ್ಲಿ ಇಟ್ಟಿದ್ದಾರೆ. ಆ ದನಿ ಯಾರದು ಅಂತ ತಿಳಿದುಕೊಂಡು ಕೇಳಿ, ಕೇಳುವುದೇ ಬೇರೆಯಾಗುತ್ತದೆ. ಬಿಡಿಬಿಡಿಯಾಗಿ ಕೇಳಬೇಡಿ. ಒಂದೂವರೆ ಗಂಟೆ ಬಿಡುವಿಲ್ಲದ ದಿನ ಶುರುವೇ ಮಾಡಬೇಡಿ.

ಕೊಳ್ಳುವಾಗ ಗಮನಿಸಬೇಕಾದ ಎರಡು ವಿಷಯ. ಸ್ಲೀಪ್ ಬ್ಯಾಂಡಿನ ಒಂದು ಗಂಟೆಯ ಹಾಡು ಎರಡು ರೂಪದಲ್ಲಿ ಸಿಗುತ್ತದೆ. ಜೆರುಸಲೆಂ (1999) ಕತ್ತರಿಸಿ ಆರು ತುಂಡು ಮಾಡಿದ್ದು, ಸುಮಾರು 52 ನಿಮಿಷ. ಡೋಪ್‌ಸ್ಮೋಕರ್ (2003) 63 ನಿಮಿಷದ ಇಡೀ ಹಾಡು. ಎರಡನೆಯದನ್ನೇ ತೆಗೆದುಕೊಳ್ಳಿ. ಇನ್ನೊಂದು, ವಿನೈಲ್. ಒಂದು ಬದಿಗೆ 20–22 ನಿಮಿಷ ದಾಟಿದರೆ ಗೀರುಗಳು ಒತ್ತಾಗಿ, ಕೆಳಗಿನ ಸ್ವರವನ್ನೂ ಒಟ್ಟು ಸದ್ದನ್ನೂ ತಗ್ಗಿಸಿ ಕೊರೆಯಬೇಕಾಗುತ್ತದೆ. ಮೇಲಾಗಿ ಉದ್ದದ ಹಾಡು ನಡುವೆ ತುಂಡಾಗುತ್ತದೆ. ಆಟಾಪ್ಸಿ, ಎಂಟೂಂಬ್ಡ್ ವಿನೈಲ್‌ಗೆ ಸರಿ. ಒಂದೇ ಹಾಡಿನ ಆಲ್ಬಂಗಳಿಗೆ ಬ್ಯಾಂಡ್‌ಗಳು ತಮ್ಮ ಸಂಗೀತ ಮಾರುವ ತಾಣ ಬ್ಯಾಂಡ್‌ಕ್ಯಾಂಪ್‌ನಿಂದ ಫ್ಲ್ಯಾಕ್ (ಗುಣಮಟ್ಟ ಕಳೆಯದ) ಫೈಲ್ ಇಳಿಸಿಕೊಳ್ಳುವುದೇ ಒಳ್ಳೆಯದು.

ನೀವು ಬೆಂಗಳೂರಿನವರಾದರೆ ಇದನ್ನೆಲ್ಲ ಹೊರದೇಶದಲ್ಲೇ ಹುಡುಕಬೇಕಿಲ್ಲ. ಡೈಯಿಂಗ್ ಎಂಬ್ರೇಸ್ ತೊಂಬತ್ತರ ದಶಕದಲ್ಲೇ ಇಲ್ಲಿ ಡೆತ್–ಡೂಮ್ ನುಡಿಸುತ್ತಿತ್ತು. ಬೇವರ್ ಸೀ ಬ್ಯಾಂಡಿನ 2012ರ ಮೊದಲ ಆಲ್ಬಂ ಸ್ಯಾಬತ್‌ನಿಂದ ನೇರವಾಗಿ ಇಳಿದ ಡೂಮ್, ನಿಮಗೆ ತಕ್ಷಣ ಹಿಡಿಸುತ್ತದೆ. ಜಿನ್ ಆ್ಯಂಡ್ ಮಿಸ್ಕಟಾನಿಕ್‌ರ ಫಾರೆವರ್ ಇನ್ ದ ರೆಲ್ಮ್ (2013) ಅದಕ್ಕಿಂತ ನಿಧಾನ. ಶೆಫರ್ಡ್‌ರ ಸ್ಟೀರಿಯೊಲಿಥಿಕ್ ರಿಫಲೊಕಲಿಪ್ಸ್ (2015) ಸ್ಲಡ್ಜ್, ಐಹೇಟ್‌ಗಾಡ್ ಕೇಳಿದ ಮರುದಿನ ಕೇಳುವಂಥದ್ದು.