ಯುದ್ಧನೌಕೆಯ ಡಿಸಿ ಕರೆಂಟ್ ಹಳೇ ಕಾಲದ್ದು, ಕಲಿಯದಿದ್ದರೆ ನಡೆಯುತ್ತಾ?
ತ್ರೀ ಫೇಸ್ ಎಸಿ (ದಿಕ್ಕು ಬದಲಿಸುತ್ತಾ ಹರಿಯೋ ಕರೆಂಟ್) ಚೆನ್ನಾಗಿ ಬರುತ್ತೆ, ಹಡಗಿನ ಡಿಸಿ (ಒಂದೇ ದಿಕ್ಕಿಗೆ ಹರಿಯೋದು) ಬಿಟ್ಟರೂ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯಲ್ಲ. ನೌಕಾಪಡೆ ಸೇರಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಪೋಸ್ಟಿಂಗ್ ಸಿಕ್ಕಿದ್ದೇ ಡೀಸೆಲ್-ಎಲೆಕ್ಟ್ರಿಕ್ ಸಬ್‌ಮರೀನ್‌ಗೆ. ಮುಳುಗಿದ ಮೇಲೆ ಅದು ಓಡೋದೇ ಬ್ಯಾಟರಿಯಿಂದ, ಅಂದರೆ ಡಿಸಿಯಿಂದ.

ಅಲ್ಲಿನ ಒಂದು ಡಿಸಿ ಬೋರ್ಡಿನ ಮೇಲೆ ಎರಡು ಅರ್ಥ್ ಲ್ಯಾಂಪ್ (ತಂತಿ ಹಡಗಿನ ಮೈಗೆ ತಗುಲಿದೆಯಾ ಅಂತ ತೋರಿಸೋ ದೀಪ) ಇದ್ದವು. ಒಂದು ಪಾಸಿಟಿವ್‌ಗೂ ಹಡಗಿನ ಮೈಗೂ ನಡುವೆ, ಇನ್ನೊಂದು ನೆಗೆಟಿವ್‌ಗೂ ಮೈಗೂ ನಡುವೆ. ಎಲ್ಲ ಸರಿ ಇದ್ದರೆ ಎರಡೂ ಒಂದೇ ಸಮ ಮಂಕಾಗಿ ಉರಿಯುತ್ತವೆ. ನನ್ನ ಪಾಳಿಯಲ್ಲಿ ಪಾಸಿಟಿವ್ ದೀಪ ಆರಿದಂತಾಯಿತು, ಇನ್ನೊಂದು ಝಗ್ಗನೆ ಬೆಳಗಿತು. ಫ್ಯೂಸ್ ಹೋಗಲಿಲ್ಲ, ಪಂಪು ನಿಲ್ಲಲಿಲ್ಲ. ಆಮೇಲೆ ಹುಡುಕಿದರಾಯಿತು ಅಂತ ಲಾಗ್‌ನಲ್ಲಿ ಬರೆದು ಸುಮ್ಮನಾದೆ.

ತಪ್ಪಾಗಿದ್ದು ಇಲ್ಲೇ. ಮನೆಯಲ್ಲಿ ನ್ಯೂಟ್ರಲ್ ನೆಲಕ್ಕೆ ಕಟ್ಟಿರುತ್ತೆ, ಲೈನ್ ಅರ್ಥ್ ಆದರೆ ಫ್ಯೂಸ್ ಹೋಗುತ್ತೆ. ಯುದ್ಧನೌಕೆಯಲ್ಲಿ ಬೇಕಂತಲೇ ಯಾವ ತಂತಿಯನ್ನೂ ಮೈಗೆ ಕಟ್ಟಲ್ಲ. ಏಟು ಬಿದ್ದು ಒಂದು ತಂತಿ ತಗುಲಿದರೂ ಪಂಪು ಓಡುತ್ತಿರಲಿ ಅಂತ. ಆದರೆ ಆ ಮೊದಲ ಅರ್ಥ್ ಆದ ಕ್ಷಣದಿಂದ ಇಡೀ ಹಡಗಿನ ಮೈಯೇ ಪಾಸಿಟಿವ್ ತಂತಿ. ಇನ್ನೆಲ್ಲಾದರೂ ನೆಗೆಟಿವ್ ತಗುಲಿತೋ, ನೇರ ಶಾರ್ಟ್. ಸ್ವಲ್ಪ ಹೊತ್ತಿಗೇ ಬಿಲ್ಜ್ ಪಂಪಿನ (ಹಡಗಿನ ತಳದಲ್ಲಿ ನಿಲ್ಲೋ ನೀರು ಹೊರಹಾಕೋ ಪಂಪು) ಜಂಕ್ಷನ್ ಬಾಕ್ಸಿಗೆ ಉಪ್ಪುನೀರು ಇಳಿದು ಅದೇ ಆಯಿತು.

ಗಾಬರಿಯಲ್ಲಿ ನೈಫ್ ಸ್ವಿಚ್ (ಬ್ಲೇಡಿನಂಥ ತಗಡನ್ನು ಎಳೆದು ಬಿಡಿಸೋ ಸ್ವಿಚ್) ಎಳೆದೆ. 50 ಹರ್ಟ್ಜ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ, ಕಿಡಿ ಆರೋಕೆ ಅವಕಾಶ ಸಿಗುತ್ತೆ. ಡಿಸಿಯಲ್ಲಿ ಆ ಸೊನ್ನೆಯೇ ಇಲ್ಲ. ನೀಲಿ ಕಿಡಿ ರಬ್ಬರಿನ ಹಾಗೆ ಹಿಗ್ಗುತ್ತಾ ಸ್ವಿಚ್ಚಿನ ಜೊತೆಗೇ ಬಂತು. ಬಲಗೈ ಸುಟ್ಟಿತು. ಗಾಯ ಮಾಗಿದ ಮೇಲೆ ದಡದ ವರ್ಕ್‌ಶಾಪಿಗೆ ಹಾಕಿದರು, ಮತ್ತೆ ಸಬ್‌ಮರೀನ್ ಸಿಗಲಿಲ್ಲ.

‘ಹಳೇ ಕಾಲದ್ದು’ ಅನ್ನೋದನ್ನು ಮೊದಲು ತಲೆಯಿಂದ ತೆಗೀರಿ. ಎರಡನೇ ಮಹಾಯುದ್ಧದ ಬ್ರಿಟಿಷ್ ಹಡಗುಗಳಲ್ಲಿ 220 ವೋಲ್ಟ್ ಡಿಸಿ ಇತ್ತು, ಆಮೇಲೆ ಎಸಿ ಬಂತು, ನಿಜ. ಆದರೆ 2016ರಲ್ಲಿ ಸೇವೆಗೆ ಬಂದ ಅಮೆರಿಕದ ಯುದ್ಧನೌಕೆ ಜುಮ್‌ವಾಲ್ಟ್ ನೋಡಿ. ಎಸಿಯಾಗಿ ಹುಟ್ಟಿದ ಕರೆಂಟನ್ನು ಡಿಸಿ ಮಾಡಿ ಹಡಗಿನ ಒಂದೊಂದು ಭಾಗಕ್ಕೂ ಹಂಚುತ್ತಾರೆ. ಎರಡು ಕಡೆಯ ಡಿಸಿಯನ್ನು ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡೋ ಭಾಗ) ಹಾಕಿ ಕೂಡಿಸಬಹುದು, ಎಸಿಯ ಹಾಗೆ ಅಲೆಗಳನ್ನು ಹೊಂದಿಸೋ (ಸಿಂಕ್ರೊನೈಸ್ ಮಾಡೋ) ಗೋಜಿಲ್ಲ. ಒಂದು ಕಡೆ ಹೋದರೆ ಇನ್ನೊಂದು ಕಡೆಯಿಂದ ತಾನಾಗೇ ಬರುತ್ತೆ.

ಎಸಿಯೋ ಡಿಸಿಯೋ ಅಂತ ಆರಿಸೋಕೆ ಹೋಗಬೇಡಿ. ಅರ್ಥ್ ಫಾಲ್ಟ್ ಹುಡುಕೋದನ್ನು ಮೊದಲ ವಾರದಲ್ಲೇ ಕಲಿಯಿರಿ: ಅನುಮತಿ ತಗೊಂಡು ಒಂದೊಂದೇ ಫೀಡರ್ (ಬೋರ್ಡಿನಿಂದ ಹೊರಡೋ ಲೈನ್) ಆಫ್ ಮಾಡಿ, ಯಾವುದರಲ್ಲಿ ಎರಡೂ ದೀಪ ಸಮ ಆಗುತ್ತೋ ತಪ್ಪು ಅದರಲ್ಲೇ. ಎಸಿಗೆ ಮಾತ್ರ ರೇಟಿಂಗ್ ಇರೋ ಬ್ರೇಕರನ್ನು (ಫಾಲ್ಟ್ ಆದಾಗ ಕರೆಂಟ್ ಕಡಿಯೋ ಸ್ವಿಚ್) ಡಿಸಿಗೆ ಹಾಕು ಅಂತ ಯಾರೇ ಹೇಳಲಿ, ಹಾಕಬೇಡಿ.