ಗ್ಯಾಲ್ವೆಸ್ಟನ್‌ನಲ್ಲಿ ದೋಣಿ ಇಲ್ಲದೆ ರೆಡ್‌ಫಿಶ್, ಟ್ರೌಟ್: ಯಾವ ತಿಂಗಳು, ಎಲ್ಲಿ, ಯಾವ ಗಾಳ

ಹ್ಯೂಸ್ಟನ್‌ಗೆ ಹೊಸದಾಗಿ ಬಂದಿದ್ದೀರಿ, ದೋಣಿ ಇಲ್ಲ, ಅಕ್ಟೋಬರ್‌ನಲ್ಲಿ ಊರಿಂದ ಅಪ್ಪ ಬರುತ್ತಾರೆ, ಗ್ಯಾಲ್ವೆಸ್ಟನ್ ಕಡೆ ರೆಡ್‌ಫಿಶ್, ಟ್ರೌಟ್ ಸಿಗುವ ಒಂದು ಗ್ಯಾರಂಟಿ ಜಾಗ ಹೇಳಿ ಅಂತ ಕೇಳಿದ್ದೀರಿ. ಜಾಗದ ಹೆಸರುಗಳನ್ನೂ ಹೇಳುತ್ತೇನೆ. ಆದರೆ ಈ ಎರಡೂ ಮೀನು ವರ್ಷಪೂರ್ತಿ ಒಂದೇ ಕಡೆ ನಿಲ್ಲುವುದಿಲ್ಲ. ಸಿಗಡಿ ಹೋದ ಕಡೆ ಹೋಗುತ್ತವೆ, ನೀರು ತಣ್ಣಗಾದರೆ ಆಳಕ್ಕೆ ಇಳಿಯುತ್ತವೆ. ಅದಕ್ಕೇ ತಿಂಗಳ ಲೆಕ್ಕದಲ್ಲಿ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಗುರುತು. ಇಲ್ಲಿಯವರು ಟ್ರೌಟ್ ಅನ್ನುವುದು ಬೆಟ್ಟದ ಹೊಳೆಯ ಟ್ರೌಟ್ ಅಲ್ಲ. ಟ್ರೌಟ್, ರೆಡ್‌ಫಿಶ್ ಎರಡೂ ನಮ್ಮ ಮಂಗಳೂರು ಮಾರ್ಕೆಟ್ಟಿನ ಕಲ್ಲೂರು ಮೀನಿನ ಬಳಗ. ಟ್ರೌಟಿನ ಬೆನ್ನು, ಬಾಲದ ಮೇಲೆ ದುಂಡು ಕಪ್ಪು ಚುಕ್ಕೆಗಳು, ಬಾಯಿಯ ಒಳಗೆ ಹಳದಿ, ಮೇಲ್ದವಡೆಯ ಮುಂದೆ ಎದ್ದು ಕಾಣುವ ಕೋರೆಹಲ್ಲು. ರೆಡ್‌ಫಿಶ್ ತಾಮ್ರದ ಬಣ್ಣ, ಬಾಲದ ಬುಡದಲ್ಲಿ ಕಪ್ಪು ಬೊಟ್ಟು, ಕೆಲವಕ್ಕೆ ಎರಡು ಮೂರು. ಗಲ್ಲದ ಕೆಳಗೆ ಮೀಸೆಯಂಥ ಎಳೆಗಳು ನೇತಾಡುತ್ತಿದ್ದರೆ ಅದು ಬ್ಲ್ಯಾಕ್ ಡ್ರಮ್, ಅದಕ್ಕೆ ನಿಯಮವೇ ಬೇರೆ.

ಕರಾವಳಿಯವರಿಗೆ ಇನ್ನೊಂದು ಮಾತು. ಊರಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ಅಲ್ವಾ? ಇಲ್ಲಿ ಎಷ್ಟೋ ದಿನ ಒಂದೇ ಸಲ, ಅದೂ ಒಂದೆರಡು ಅಡಿ ಅಷ್ಟೇ. ಗ್ಯಾಲ್ವೆಸ್ಟನ್ ಬೇ, ಅಂದರೆ ಇಲ್ಲಿಯ ಕೊಲ್ಲಿ, ಸರಾಸರಿ ಏಳು ಅಡಿ ಆಳದ ನೀರು, ಹಾಗಾಗಿ ಗಾಳಿಯ ಆಟ ಜಾಸ್ತಿ. ಉತ್ತರದ ಗಾಳಿ ಒಂದು ದಿನ ಜೋರಾಗಿ ಬೀಸಿದರೆ ಟೈಡ್ ಪಟ್ಟಿಯಲ್ಲಿ ಏನೇ ಬರೆದಿದ್ದರೂ ನೀರು ಸಮುದ್ರಕ್ಕೆ ಹೊರಟುಬಿಡುತ್ತದೆ, ನಿನ್ನೆ ಮೊಣಕಾಲು ಮುಳುಗುತ್ತಿದ್ದ ಕಡೆ ಇವತ್ತು ಕೆಸರು ಕಾಣುತ್ತದೆ. ಹಾಗಾಗಿ ಟೈಡ್ ನೋಡುವ ಮೊದಲು ಗಾಳಿ ನೋಡಿ. ನೀರು ಯಾವ ಕಡೆ ಹರಿದರೂ ಪರವಾಗಿಲ್ಲ, ಹರಿಯುತ್ತಿರಬೇಕು. ನಿಂತ ನೀರಲ್ಲಿ ಸುಮ್ನೆ ಸಮಯ ಕಳೆಯಬೇಡಿ.

ಮಾರ್ಚ್‌ನಿಂದ ಮೇವರೆಗೆ ಕಂದು ಸಿಗಡಿಯ ಮರಿಗಳು ಜವುಗು ಹುಲ್ಲಿನಲ್ಲಿ ಬೆಳೆಯುತ್ತಿರುತ್ತವೆ. ಮೀನು ದಡಕ್ಕೆ ಹತ್ತಿರ, ಮೊಣಕಾಲಿನಿಂದ ಸೊಂಟದ ಆಳದಲ್ಲಿ ಸಿಗುತ್ತದೆ. ಆದರೆ ದಕ್ಷಿಣದ ಗಾಳಿ ಬಿಡದೆ ಬೀಸಿ ನೀರು ಕದಡುತ್ತದೆ. ಗಾಳಿಗೆ ಮರೆಯಾದ ದಡ ಹುಡುಕಬೇಕು. ಗ್ಯಾಲ್ವೆಸ್ಟನ್ ಐಲ್ಯಾಂಡ್ ಸ್ಟೇಟ್ ಪಾರ್ಕಿನ ಬೇ ಕಡೆಯ ಜವುಗು ಕಲಿಯುವವರಿಗೆ ಒಳ್ಳೆಯದು. ಟೆಕ್ಸಸ್‌ನ ಸ್ಟೇಟ್ ಪಾರ್ಕುಗಳಲ್ಲಿ ದಡದಿಂದಲೋ ಪಿಯರ್‌ನಿಂದಲೋ (ನೀರಿನೊಳಗೆ ಚಾಚಿದ ಕಟ್ಟೆಯಿಂದಲೋ) ಗಾಳ ಹಾಕಿದರೆ ಲೈಸೆನ್ಸೂ ಬೇಡ.

ಶುರುವಿಗೆ ಪಾಪಿಂಗ್ ಕಾರ್ಕ್ (ಜಗ್ಗಿದರೆ ಸದ್ದು ಮಾಡುವ ತೇಲುಬೆಂಡು), ಕೆಳಗೆ ಜೀವಂತ ಸಿಗಡಿ. ಇದಕ್ಕಿಂತ ಸುಲಭದ್ದು ಇಲ್ಲ. ಏಳು ಅಡಿಯ ಮೀಡಿಯಂ ರಾಡ್, 3000 ಸೈಜಿನ ಸ್ಪಿನ್ನಿಂಗ್ ರೀಲ್, 15 ಪೌಂಡ್ ತಡೆಯುವ ಬ್ರೇಡ್ (ಹೆಣೆದ ನೂಲು), ಕಾರ್ಕಿನ ಕೆಳಗೆ ಎರಡಡಿ 20 ಪೌಂಡ್ ಲೀಡರ್ (ಗಾಳಕ್ಕೆ ಕಟ್ಟುವ ತುದಿ ನೂಲು). ಸಿಗಡಿಯ ತಲೆಯನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆ ಒಂದು ಕಪ್ಪು ಮಚ್ಚೆ ಕಾಣುತ್ತದೆ. ಅದಕ್ಕೆ ತಗುಲದಂತೆ, ಅದರ ಮುಂದೆ, ಕೊಂಬಿನ ಬುಡದ ಕೆಳಗೆ ಅಡ್ಡ ಚುಚ್ಚಿ. ಮಚ್ಚೆಗೆ ತಗುಲಿದರೆ ಆಗಲೇ ಸಾಯುತ್ತದೆ, ತಗುಲದಿದ್ದರೆ ತುಂಬ ಹೊತ್ತು ಚಿಮ್ಮುತ್ತಿರುತ್ತದೆ. ಎಸೆದು, ನೂಲಿನ ಸಡಿಲ ಎಳೆದುಕೊಂಡು, ರಾಡ್ ತುದಿಯನ್ನು ಒಮ್ಮೆ ಜಗ್ಗಿ. ಕಾರ್ಕ್ ನೀರನ್ನು ಗುಳುಂ ಅನ್ನಿಸುತ್ತದೆ. ಮೀನು ಸಿಗಡಿಯನ್ನು ಮೇಲೆ ಅಟ್ಟಿಸಿಕೊಂಡು ಬಂದ ಸದ್ದಿನ ಹಾಗಿರುತ್ತದೆ ಅದು, ಉಳಿದ ಮೀನು ಅದನ್ನು ಕೇಳಿ ಬರುತ್ತವೆ. ಸ್ವಲ್ಪ ಬಿಟ್ಟು ಮತ್ತೆ ಜಗ್ಗಿ. ಟ್ರೌಟಿನ ಬಾಯಿ ತೀರಾ ತೆಳು, ಜೋರಾಗಿ ಎಳೆದರೆ ಹರಿದುಹೋಗುತ್ತದೆ, ಡ್ರ್ಯಾಗ್ (ರೀಲಿನ ಬಿಗಿ) ಸಡಿಲ ಇಡಿ, ಬಲೆಯಲ್ಲೇ ಎತ್ತಿ.

ಜೂನ್‌ನಿಂದ ಆಗಸ್ಟ್, ಬೆಳಕು ಹರಿಯುವ ಮೊದಲೇ ನೀರ ಬಳಿ ಇರಬೇಕು. ಹತ್ತು ಗಂಟೆಯಾದರೆ ಟ್ರೌಟ್ ಬೇ ನಡುವಿನ ಆಯ್ಸ್ಟರ್ ಚಿಪ್ಪಿನ ದಿಬ್ಬಗಳಿಗೆ, ಆಳಕ್ಕೆ ಹೋಗುತ್ತದೆ, ದಡದವರ ಕೈಗೆ ಸಿಗುವುದಿಲ್ಲ. ಗಾಳಿ ಬಿದ್ದು ಕಡಲ ದಡದ ನೀರು ಹಸಿರಾದ ದಿನ ಮಾತ್ರ ಬೀಚಿಗೆ ಹೋಗಿ, ಅಲೆಗಳ ಮೊದಲನೇ, ಎರಡನೇ ತಗ್ಗಿನಲ್ಲಿ ಟ್ರೌಟ್ ಇರುತ್ತದೆ. ನೀರಿನ ಮೇಲೆ ಎಣ್ಣೆಯ ತೆಳು ಪದರ ಹರಡಿ ಕಲ್ಲಂಗಡಿ ಹಣ್ಣಿನ ವಾಸನೆ ಬಂದರೆ ಬೇರೆಲ್ಲ ಬಿಟ್ಟು ಅಲ್ಲಿಗೇ ಎಸೆಯಿರಿ. ಕೆಳಗೆ ಟ್ರೌಟ್ ಹೊಟ್ಟೆ ತುಂಬಿಸಿಕೊಳ್ಳುತ್ತಿರುತ್ತದೆ.

ಬಿಸಿನೀರಿನ ಕಾಲದಲ್ಲಿ ಕಾಲಿಗೆ ಗಾಯ ಇದ್ದರೆ ನೀರಿಗೆ ಇಳಿಯಲೇಬೇಡಿ. ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ, ಶುಗರ್, ಲಿವರ್ ತೊಂದರೆ ಇರುವವರಿಗೆ ಜೀವಕ್ಕೇ ಅಪಾಯ. ಇಳಿದರೆ ಹೆಜ್ಜೆ ಎತ್ತಿಡದೆ ಪಾದ ಜಾರಿಸುತ್ತಾ ನಡೆಯಿರಿ, ಮರಳಲ್ಲಿ ತೊರಕೆ ಮಲಗಿರುತ್ತದೆ. ಸ್ಯಾನ್ ಲೂಯಿಸ್ ಪಾಸ್ ಅಂತ ಗ್ಯಾಲ್ವೆಸ್ಟನ್ ದ್ವೀಪದ ಪಶ್ಚಿಮ ತುದಿಯಲ್ಲಿ ಒಂದು ಅಳಿವೆ ಇದೆ, ಮೀನು ತುಂಬ, ಸೆಳೆತವೂ ಭಯಂಕರ. ಎಷ್ಟೋ ಜನ ಅಲ್ಲಿ ಮುಳುಗಿ ಸತ್ತಿದ್ದಾರೆ. ಅಲ್ಲಿ ನೀರಿಗೆ ಕಾಲಿಡಬೇಡಿ.

ಈಗ ನಿಮ್ಮ ಅಕ್ಟೋಬರ್. ಅಪ್ಪನಿಗೆ ಇದಕ್ಕಿಂತ ಒಳ್ಳೆಯ ತಿಂಗಳು ನೀವು ಆರಿಸಲಾರಿರಿ. ಮೊದಲ ತಣ್ಣನೆ ಗಾಳಿ ಬಂದಾಗ ಬಿಳಿ ಸಿಗಡಿ ಜವುಗಿನಿಂದ ಹೊರಟು ಬೇ ದಾಟಿ ಕಡಲಿಗೆ ಹೋಗುತ್ತದೆ, ಟ್ರೌಟ್ ಅದನ್ನು ಕೆಳಗಿನಿಂದ ಅಟ್ಟುತ್ತದೆ, ಮೇಲೆ ಕಡಲಹಕ್ಕಿಗಳು ಮುತ್ತಿಕೊಳ್ಳುತ್ತವೆ. ಅದೇ ಹೊತ್ತಿಗೆ ದೊಡ್ಡ ರೆಡ್‌ಫಿಶ್, ಇಲ್ಲಿಯವರು ಬುಲ್ ರೆಡ್ ಅನ್ನುವುದು, ಮೊಟ್ಟೆ ಇಡಲು ಅಳಿವೆಗಳ ಬಾಯಿಗೆ, ಬೀಚಿಗೆ ಬರುತ್ತವೆ. ಟೆಕ್ಸಸ್ ಸಿಟಿ ಡೈಕ್‌ಗೆ ಹೋಗಿ. ಬೇ ಒಳಗೆ ಐದು ಮೈಲಿ ಚಾಚಿದ ಕಟ್ಟೆ, ಉದ್ದಕ್ಕೂ ಕಾರು ಹೋಗುತ್ತದೆ. ವಯಸ್ಸಾದವರು ಕಾರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಬಹುದು, ಬಂಡೆಗಳ ಮೇಲೆ ಮಾತ್ರ ಇಳಿಸಬೇಡಿ, ಪಾಚಿ ಜಾರುತ್ತದೆ. 61ನೇ ಸ್ಟ್ರೀಟ್ ಪಿಯರ್ ಕೂಡ ಅನುಕೂಲ.

ಬುಲ್ ರೆಡ್‌ಗೆ ಸಣ್ಣ ರಾಡ್ ಬೇಡ. 40 ಪೌಂಡ್ ಬ್ರೇಡ್, 8/0 ಅಳತೆಯ ಸರ್ಕಲ್ ಗಾಳ (ತುದಿ ಒಳಕ್ಕೆ ಬಾಗಿದ್ದು), ತಾಜಾ ಮಲೆಟ್ ಮೀನಿನ ತುಂಡು ಅಥವಾ ಅರ್ಧ ಮಾಡಿದ ನೀಲಿ ಏಡಿ. ಮೀನು ಎಳೆದಾಗ ನೀವು ಜಗ್ಗಬೇಡಿ, ಸುಮ್ನೆ ರೀಲ್ ಸುತ್ತಿ, ಸರ್ಕಲ್ ಗಾಳ ತಾನೇ ಬಾಯಿಯ ಮೂಲೆಗೆ ಕೂರುತ್ತದೆ. ತೆಳು ನೂಲಲ್ಲಿ ಗಂಟೆಗಟ್ಟಲೆ ಆಡಿಸಿದರೆ ಸುಸ್ತಾಗಿ ಬಿಟ್ಟ ಮೇಲೂ ಸಾಯುತ್ತದೆ. ಮೂವತ್ತು ವರ್ಷ ಮೀರಿ ಬದುಕುವ ಮೀನು ಇದು, ಮೊಟ್ಟೆ ಇಡಲು ಬಂದಿರುತ್ತದೆ. ಫೋಟೋಗೆ ಬಾಯಿ ಹಿಡಿದು ನೇತುಹಾಕಬೇಡಿ, ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಟ್ಟು ಅಡ್ಡ ಹಿಡಿಯಿರಿ, ಬೇಗ ಬಿಡಿ. 1980ರ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ನ ಬಾಣಸಿಗ ಪಾಲ್ ಪ್ರುಡಮ್ ಅವರ ಬ್ಲ್ಯಾಕನ್ಡ್ ರೆಡ್‌ಫಿಶ್ ಅಡುಗೆ ದೇಶವೆಲ್ಲ ಹಬ್ಬಿ, ಗಲ್ಫ್‌ನಲ್ಲಿ ಈ ದೊಡ್ಡ ಮೀನುಗಳನ್ನು ಬಲೆಗಟ್ಟಲೆ ಬಾಚಿದರು. ಟೆಕ್ಸಸ್ 1981ರಲ್ಲೇ ಇಲ್ಲಿ ಹಿಡಿದ ರೆಡ್‌ಫಿಶ್, ಟ್ರೌಟ್ ಮಾರುವುದನ್ನು ನಿಲ್ಲಿಸಿತ್ತು. ಇವತ್ತು ನಮಗೆ ದಡದಲ್ಲಿ ನಿಂತು ಸಿಗುತ್ತಿರುವುದು ಅಂಥ ನಿಯಮಗಳಿಂದ.

ನವೆಂಬರ್‌ನಲ್ಲಿ ಫ್ಲೌಂಡರ್ ಅನ್ನುವ ಚಪ್ಪಟೆ ಮೀನು ಬಂದರೆ ಬಿಟ್ಟುಬಿಡಿ, ನವೆಂಬರ್ 1ರಿಂದ ಡಿಸೆಂಬರ್ 14ರವರೆಗೆ ಇಟ್ಟುಕೊಳ್ಳುವಂತಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗ್ಗೆ ಬೇಗ ಏಳುವ ಅಗತ್ಯ ಇಲ್ಲ. ಬಿಸಿಲಿಗೆ ಕೆಸರು ಕಾದು ಮಧ್ಯಾಹ್ನ ಮೀನು ಕದಲುತ್ತದೆ. ಕಾಲುವೆ, ಆಳದ ಗುಂಡಿಗಳಲ್ಲಿ ಸಾಫ್ಟ್ ಪ್ಲಾಸ್ಟಿಕ್ (ಮೆತ್ತನೆಯ ಕೃತಕ ಎರೆ) ಅನ್ನು ತೀರಾ ನಿಧಾನ ಎಳೆಯಬೇಕು, ನಿಮಗೆ ಬೇಸರ ಬರುವಷ್ಟು ನಿಧಾನ. 2021ರ ಫೆಬ್ರವರಿಯ ಚಳಿಗೆ ಟೆಕ್ಸಸ್ ತೀರದಲ್ಲಿ ಸುಮಾರು 38 ಲಕ್ಷ ಮೀನು ಸತ್ತವು ಅಂತ ಇಲ್ಲಿಯ ವೈಲ್ಡ್‌ಲೈಫ್ ಇಲಾಖೆ ಅಂದಾಜಿಸಿತು. ಟ್ರೌಟ್ ರೆಡ್‌ಫಿಶ್‌ನಷ್ಟು ಚಳಿ ತಡೆಯುವುದಿಲ್ಲ. ನೀರು ಹೆಪ್ಪುಗಟ್ಟುವಂಥ ದಿನಗಳಲ್ಲಿ ಆಳದಲ್ಲಿ ಗುಂಪುಗೂಡಿದ ಟ್ರೌಟನ್ನು ಹಿಡಿಯಲು ಹೋಗಬೇಡಿ, ಅದು ಬೇಟೆಯೇ ಅಲ್ಲ.

ಇಟ್ಟುಕೊಳ್ಳಬಹುದಾದ ಮೀನಿನ ಅಳತೆ ಹೀಗಿದೆ. ರೆಡ್‌ಫಿಶ್ 20ರಿಂದ 28 ಇಂಚು, ದಿನಕ್ಕೆ ಮೂರು. ಟ್ರೌಟ್ 2024ರಿಂದ 15ರಿಂದ 20 ಇಂಚು, ದಿನಕ್ಕೆ ಮೂರು. ಬಾಯಿ ಮುಚ್ಚಿ, ಬಾಲ ಒತ್ತಿ ಹಿಡಿದು ಅಳೆಯಬೇಕು. 28 ಇಂಚು ಮೀರಿದ್ದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಜೊತೆಯ ಟ್ಯಾಗ್ ಬೇಕು. ಹೊರಡುವ ಮುಂಚೆ ಇಲಾಖೆಯ ಆ ವರ್ಷದ ನಿಯಮ ಒಮ್ಮೆ ನೋಡಿ. ಸ್ಟೇಟ್ ಪಾರ್ಕಿನ ಹೊರಗೆ ಹದಿನೇಳು ತುಂಬಿದವರಿಗೆ ಲೈಸೆನ್ಸ್ ಬೇಕು, ಪ್ರವಾಸಕ್ಕೆ ಬಂದ ಅಪ್ಪನಿಗೂ. ಅವರಿಗೆ ಹೊರಗಿನವರ ಒಂದು ದಿನದ ಲೈಸೆನ್ಸ್ ತೆಗೆದುಕೊಳ್ಳಿ. ನಿಮ್ಮದು ವರ್ಷದ ಲೈಸೆನ್ಸ್ ಆದರೆ ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಅಕ್ಟೋಬರ್ ಹೊತ್ತಿಗೆ ಹೊಸದು ಇರಲಿ.

ಹಿಡಿದ ತಕ್ಷಣ ಐಸ್. ಟ್ರೌಟ್ ಮಾಂಸ ಬೇಗ ಮೆತ್ತಗಾಗುತ್ತದೆ, ಅವತ್ತೇ ರವೆ ಹಚ್ಚಿ ಫ್ರೈ ಮಾಡಿ, ಫ್ರೀಜರ್‌ಗೆ ಬೇಡ. ಸೀಳಿದಾಗ ಬೆನ್ನಿನ ಮಾಂಸದಲ್ಲಿ ಬಿಳಿ ಶಾವಿಗೆಯಂಥ ಹುಳ ಕಂಡರೆ ಗಾಬರಿ ಬೇಡ, ಮನುಷ್ಯರಿಗೆ ಅಂಟುವುದಿಲ್ಲ, ಎಳೆದು ತೆಗೆದು ಚೆನ್ನಾಗಿ ಬೇಯಿಸಿ. ಗಸಿಗೆ ರೆಡ್‌ಫಿಶ್ಶೇ ಸರಿ, ಗಟ್ಟಿ ತುಂಡು, ಸಾರಲ್ಲಿ ಒಡೆಯುವುದಿಲ್ಲ. ಇನ್ನೊಂದು, ಅಪ್ಪನಿಗೆ ಮೊದಲೇ ಹೇಳಿಡಿ: ಡೈಕ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಸಿಗುವುದು ಹಾರ್ಡ್‌ಹೆಡ್ ಕ್ಯಾಟ್‌ಫಿಶ್, ನಮ್ಮ ತೇಡೆಯ ಜಾತಿ, ಬೆನ್ನಿನಲ್ಲೂ ಎರಡು ಪಕ್ಕದಲ್ಲೂ ವಿಷದ ಮುಳ್ಳು. ಬರಿಗೈಯಲ್ಲಿ ಮುಟ್ಟದೆ ಉದ್ದ ಇಕ್ಕಳದಲ್ಲಿ ಗಾಳ ಬಿಡಿಸಿ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕೈ ಇಡಬೇಕು, ಆ ದಿನ ಒಂದು ಫ್ಲಾಸ್ಕ್ ಬಿಸಿನೀರು ಕಾರಲ್ಲಿರಲಿ.