ತೂಕ ಜಾಸ್ತಿ ಇದ್ದರೆ ಕೊಂಬೂ ದೊಡ್ಡದಾ?

ಪ್ರಶ್ನೆ: ಫಾರಂನಲ್ಲಿ ಸಾಕುವ ಕೆಂಪು ಜಿಂಕೆಗಳಲ್ಲಿ ತೂಕ ಜಾಸ್ತಿ ಇರುವ ಗಂಡಿಗೆ ಕೊಂಬೂ ದೊಡ್ಡದಾಗಿ ಬರುತ್ತದಂತೆ, ನಿಜವಾ? ಹಾಗಿದ್ದರೆ ತೂಕ ನೋಡಿಯೇ ತಳಿಗೆ ಗಂಡು ಆರಿಸಿದರೆ ಸಾಕಲ್ವಾ?

ಉತ್ತರ: ಮರಿಗಳ ಮಟ್ಟಿಗೆ ಬಹುಪಾಲು ನಿಜ. ಬಲಿತ ಗಂಡುಗಳ ವಿಷಯದಲ್ಲಿ ಬರೀ ತೂಕ ನಂಬಿದರೆ ಮೋಸ ಹೋಗುತ್ತೀರಿ.

ದನದ ಕೊಂಬಿನ ಹಾಗಲ್ಲ ಇದು. ಪ್ರತಿ ವರ್ಷ ಉದುರಿ ಹೊಸದಾಗಿ ಬರುತ್ತದೆ, ಅದೂ ಪೂರ್ತಿ ಮೂಳೆ. ಬೆಳೆಯುವಾಗ ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ, ಮೇಲೆ ನವಿರು ಕೂದಲಿನ ಮೆತ್ತನೆ ಚರ್ಮ, ಅದರ ತುಂಬ ರಕ್ತನಾಳ. ಮೂರ್ನಾಲ್ಕು ತಿಂಗಳಲ್ಲಿ ಅಷ್ಟು ಮೂಳೆ ಕಟ್ಟಬೇಕಲ್ಲ, ಮೇವಿನಿಂದ ಸಿಗುವ ಕ್ಯಾಲ್ಸಿಯಂ ಸಾಲದೆ ತನ್ನ ಪಕ್ಕೆಲುಬಿನಿಂದಲೇ ಸಾಲ ಎತ್ತುತ್ತದೆ, ಆಮೇಲೆ ನಿಧಾನಕ್ಕೆ ತೀರಿಸುತ್ತದೆ.

ಗಂಡು ಮರಿಗೆ ಮೊದಲ ಕೊಂಬು ಯಾವಾಗ ಬರುತ್ತದೆ ಅನ್ನುವುದರಲ್ಲಿ ವಯಸ್ಸಿಗಿಂತ ತೂಕದ ಪಾತ್ರ ದೊಡ್ಡದು. ತೂಕ ಒಂದು ಮಟ್ಟ ಮುಟ್ಟಿದ ಮೇಲೆ ಟೆಸ್ಟೋಸ್ಟಿರೋನ್ ಅನ್ನುವ ಗಂಡು ಹಾರ್ಮೋನ್ ಏರಿ, ಹಣೆಯ ಮೂಳೆಯಿಂದ ಎರಡು ಚಿಕ್ಕ ಬುಡಗಳು ಎದ್ದು, ಅವುಗಳ ಮೇಲೆ ಕೊಂಬು ಹುಟ್ಟುತ್ತದೆ. ಹೊಟ್ಟೆಗೆ ಸಾಲದೆ ಬೆಳೆದ ಮರಿಯಲ್ಲಿ ಇದೆಲ್ಲ ತಡ. ಹಾಗಾಗಿ ಮೊದಲ ಸಲದ ಆ ಕವಲಿಲ್ಲದ, ಕಡ್ಡಿಯಂಥ ಕೊಂಬಿನ ಉದ್ದ ನೋಡಿದರೆ ಮರಿ ಹೇಗೆ ಬೆಳೆದಿದೆ ಅಂತ ಗೊತ್ತಾಗಿಬಿಡುತ್ತದೆ.

ಆಮೇಲೆ ಲೆಕ್ಕ ತಪ್ಪುತ್ತದೆ. ಮೈ ಬೆಳವಣಿಗೆ ನಿಂತ ಮೇಲೂ ಕೊಂಬು ಕೆಲವು ವರ್ಷ ದಪ್ಪವಾಗುತ್ತಲೇ ಹೋಗುತ್ತದೆ. ತೂಕ ಒಂದೇ ಇದ್ದರೂ ಅಪ್ಪ-ಅಮ್ಮನ ತಳಿ ಬೇರೆಯಾದರೆ ಕೊಂಬೂ ಬೇರೆ. ಅದಿರಲಿ, ನೀವು ತೂಕ ಹಾಕಿದ್ದು ಯಾವ ತಿಂಗಳು? ಬೆದೆಯ ಕಾಲದಲ್ಲಿ ಗಂಡು ಮೇವು ಬಿಟ್ಟು ಹೆಣ್ಣುಗಳ ಹಿಂದೆಯೇ ಓಡಾಡಿ ಐದರಲ್ಲಿ ಒಂದು ಪಾಲಿನಷ್ಟು ತೂಕ ಕಳೆದುಕೊಳ್ಳಬಹುದು. ನಿನ್ನೆ ಮೊನ್ನೆ ದಷ್ಟಪುಷ್ಟವಾಗಿದ್ದದ್ದು ಇವತ್ತು ಎಲುಬಿನ ಗೂಡು! ಚಳಿಗಾಲದಲ್ಲಿ ಅದು ಚೇತರಿಸಿಕೊಳ್ಳದಿದ್ದರೆ ಮುಂದಿನ ಕೊಂಬು ಸಣ್ಣದಾಗುತ್ತದೆ.

ಬೇರೆ ಬೇರೆ ಜಾತಿಯ ಜಿಂಕೆಗಳನ್ನು ಹೋಲಿಸಿದರೆ ಮಾತ್ರ ನಿಮ್ಮ ಊಹೆ ಚೆನ್ನಾಗಿ ನಿಲ್ಲುತ್ತದೆ. ಅಲ್ಲಿ ಮೈ ಎರಡು ಪಟ್ಟಾದರೆ ಕೊಂಬು ಎರಡು ಪಟ್ಟಿಗಿಂತ ಜಾಸ್ತಿ. ಅಳಿದುಹೋದ ಐರಿಶ್ ಎಲ್ಕ್ ಅನ್ನುವ ದೈತ್ಯ ಜಿಂಕೆಯ ಕೊಂಬು ತುದಿಯಿಂದ ತುದಿಗೆ 3.5 ಮೀಟರ್ ಹತ್ತಿರ ಇತ್ತು.

ತಳಿಗೆ ಆರಿಸುವಾಗ ಒಂದೇ ವಯಸ್ಸಿನ, ಒಂದೇ ಮೇವು ತಿಂದ ಗಂಡುಗಳ ಕೊಂಬನ್ನೇ ತೂಗಿ, ಎರಡು ಮೂರು ವರ್ಷ ಬರೆದಿಟ್ಟುಕೊಳ್ಳಿ. ಒಂದು ವರ್ಷ ಒಂದು ಬದಿ ಸೊಟ್ಟಗೆ ಬಂತು ಅಂತ ಗಂಡನ್ನು ತೆಗೆದುಹಾಕಬೇಡಿ. ಹಿಂಗಾಲಿಗೆ ಪೆಟ್ಟಾದರೆ ಎಷ್ಟೋ ಸಲ ಅದರ ಎದುರು ಬದಿಯ ಕೊಂಬು ಸೊಟ್ಟಗಾಗುತ್ತದೆ. ಮೊದಲು ಕಾಲು ನೋಡಿ.